ತಾಳಿ ಕಟ್ಟೋ ಹೊತ್ತಿಗೆ ನೀವ್ಯಾಕೆ ಅಡ್ಡ ನಿಲ್ಲುತ್ತೀರಾ?

"ರೀ ಫೋಟೋದವ್ರೇ, ವಸಿ ಆಚೆ ಹೋಗ್ರಿ. ತಾಳಿ ಕಟ್ಟೋದು ನೋಡೋಕೆ ಬಂದಿದ್ದೀವಿ, ನಿಮ್ಮ ಬೆನ್ನು ನೋಡೋಕಲ್ಲ."

ಹದಿನೇಳು ವರ್ಷದಿಂದ ಮಂಡ್ಯ, ಮೈಸೂರು ಸುತ್ತಮುತ್ತ ಮದುವೆ ಫೋಟೋ ತೆಗೆಯುತ್ತಿದ್ದೇನೆ. ಈ ಮಾತು ಕಿವಿಗೆ ಬೀಳದ ಮುಹೂರ್ತ ಅಪರೂಪ. ಆ ಹೊತ್ತಲ್ಲಿ ಉತ್ತರ ಕೊಡೋಕೆ ಆಗುವುದಿಲ್ಲ, ಕಣ್ಣು ವ್ಯೂಫೈಂಡರ್‌ನಲ್ಲಿರುತ್ತದೆ. ಆಮೇಲೆ ಊಟದ ಮನೆಯಲ್ಲಿ ಅದೇ ಮನುಷ್ಯ ಪಕ್ಕದ ಎಲೆಗೆ ಸಿಗುತ್ತಾರೆ. ಅಷ್ಟು ಹೊತ್ತಿಗೆ ಸಿಟ್ಟು ಇಳಿದಿರುತ್ತದೆ, ಎಲೆಗೆ ಪಾಯಸ ಬಿದ್ದಿರುತ್ತದೆ. "ಅಲ್ಲಾ ಸಾರ್, ಸುಮ್ನೆ ಕೇಳ್ತೀನಿ. ನೀವು ಕೆಳಗಡೆಯಿಂದಾನೇ ಝೂಮ್ ಹಾಕಿ ತೆಗೀಬಾರ್ದಾ?" ಬಾಯಿ ತುಂಬಾ ಅನ್ನ ಇಟ್ಟುಕೊಂಡು ಸರಿಯಾಗಿ ಹೇಳೋಕೆ ಆಗಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಅರ್ಧ ಸಮರ್ಥನೆ, ಅರ್ಧ ತಪ್ಪೊಪ್ಪಿಗೆ ಅಂದುಕೊಳ್ಳಿ.

ಝೂಮ್ ಇದೆ. 70-200 ಲೆನ್ಸ್ ಯಾವಾಗಲೂ ಬ್ಯಾಗಿನಲ್ಲಿರುತ್ತದೆ. ಛತ್ರದ ನಡುವೆ ನಿಂತು ಮದುಮಗಳ ಮೂಗುಬೊಟ್ಟಿನ ಹರಳು ಎಣಿಸಬಹುದು. ಆದರೆ ಅದು ದೂರ ಇರೋದನ್ನು ಹತ್ತಿರ ತರುತ್ತದೆಯೇ ಹೊರತು ಮಧ್ಯೆ ನಿಂತವರನ್ನು ಮಾಯ ಮಾಡೋದಿಲ್ಲ. ಮುಹೂರ್ತದ ಹೊತ್ತಿಗೆ ಮಂಟಪದಲ್ಲಿ ಯಾರ್ಯಾರು ಇರುತ್ತಾರೆ ನೆನಪು ಮಾಡಿಕೊಳ್ಳಿ. ಪುರೋಹಿತರು, ಅವರ ಜೊತೆ ಬಂದ ಹುಡುಗ. ಹೆಣ್ಣಿನ ಸೋದರಮಾವ. ಗಂಟಿಗೆ ಕೈ ಸೇರಿಸೋಕೆ ಹಿಂದೆ ನಿಂತ ಗಂಡಿನ ಅಕ್ಕ. ಬಾಳೆಕಂದು, ಕಳಶ, ಹೊಗೆ. ಅಕ್ಷತೆ ಹಿಡಿದು ಚಾಚಿದ ಐವತ್ತು ಕೈ. ಇವೆಲ್ಲದರ ನಡುವೆ ಮದುಮಗಳು ತಲೆ ತಗ್ಗಿಸಿ ಕೂತಿರುತ್ತಾಳೆ. ಬಾಸಿಂಗ, ಮಲ್ಲಿಗೆ ಹಾರ, ಮೊಗ್ಗಿನ ಜಡೆ ಎಲ್ಲಾ ಸೇರಿ ಅವಳ ಮುಖ ಎದುರಿಗೆ ಕೂತವರಿಗೆ ಕಾಲುಭಾಗವೂ ಕಾಣುವುದಿಲ್ಲ. ತಾಳಿಯ ಗಂಟು ಬೀಳೋದು ಕತ್ತಿನ ಹಿಂದೆ. ಗಂಟು ಹಾಕೋ ಬೆರಳು, ಅವಳ ಮುಖ ಎರಡೂ ಒಂದೇ ಫೋಟೋದಲ್ಲಿ ಬರಬೇಕು ಅಂದರೆ ನಾನು ನಾಲ್ಕೈದು ಅಡಿ ದೂರದಲ್ಲಿ, ಸ್ವಲ್ಪ ಓರೆಯಾಗಿ, ಮಂಡಿ ಊರಿ ಕೂರಬೇಕು. ಬೇರೆ ಜಾಗ ಇಲ್ಲ. ಇದ್ದಿದ್ದರೆ ಇಷ್ಟು ಬೈಗುಳ ತಿಂದುಕೊಂಡು ನಾನು ಅಲ್ಲೇ ಯಾಕೆ ಇರುತ್ತಿದ್ದೆ?

ಲಗ್ನಪತ್ರಿಕೆಯಲ್ಲಿ "9-30ರಿಂದ 10-30" ಅಂತ ಪೂರಾ ಒಂದು ಗಂಟೆ ಅಚ್ಚು ಹಾಕಿಸಿರುತ್ತಾರೆ. ಅದರಲ್ಲಿ ನನಗೆ ಬೇಕಾಗಿರೋದು ಮೂರು ಚೂರು. ಅಂತರಪಟ ಸರಿದು ಜೀರಿಗೆ ಬೆಲ್ಲ ತಲೆ ಮೇಲೆ ಬೀಳುವಾಗಿನದ್ದು, ಅದು ಎರಡು ಮೂರು ಸೆಕೆಂಡ್. ಧಾರೆ ಎರೆಯುವಾಗ ಹೆಣ್ಣಿನ ಅಪ್ಪನ ಮುಖ. ಎಲ್ಲರೂ ಅಮ್ಮನ ಕಡೆ ನೋಡುತ್ತಿರುತ್ತಾರೆ, ಆದರೆ ಗಂಟಲು ಉಬ್ಬಿ ಬರೋದು ಅಪ್ಪನಿಗೆ. ಆಮೇಲೆ ಮೂರು ಗಂಟು, ಹೆಚ್ಚಂದರೆ ಅರ್ಧ ನಿಮಿಷ. ಎಲ್ಲಾ ಸೇರಿಸಿದರೂ ಒಂದು ನಿಮಿಷ ದಾಟುವುದಿಲ್ಲ. ಆ ಒಂದು ನಿಮಿಷ ನಾನು ಯಾರು ಹೇಳಿದರೂ ಅಲ್ಲಾಡುವುದಿಲ್ಲ.

ಒಂದು ಸಲ ಅಲ್ಲಾಡಿದ್ದೆ. ಆಗಿನ್ನೂ ಕೆಲಸಕ್ಕೆ ಹೊಸಬ. ಮದ್ದೂರಿನ ಕಡೆಯ ಮದುವೆ. ಯಜಮಾನರೊಬ್ಬರು ಭುಜ ಹಿಡಿದು "ಪಕ್ಕಕ್ಕೆ ನಿಂತ್ಕೊಳಪ್ಪ, ಇನ್ನೂ ಟೈಮದೆ" ಅಂದರು. ದೊಡ್ಡವರು ಹೇಳುತ್ತಿದ್ದಾರಲ್ಲ ಅಂತ ಎರಡು ಹೆಜ್ಜೆ ಸರಿದೆ. ಪುರೋಹಿತರು ಯಾರಿಗೋ ನೀರು ತನ್ನಿ ಅಂತ ಕೈ ಎತ್ತಿದರು. ವಾದ್ಯದವರು ಅದನ್ನೇ ಸನ್ನೆ ಅಂದುಕೊಂಡರು. ಗಟ್ಟಿಮೇಳ ಶುರುವಾಗಿಯೇ ಹೋಯಿತು. ಛತ್ರದ ತುಂಬಾ ಅಕ್ಷತೆ ಹಾರಿತು. ಗಾಬರಿಯಲ್ಲಿ ಗಂಡು ಕಟ್ಟಿಯೂ ಬಿಟ್ಟ. ನನ್ನ ಕ್ಯಾಮೆರಾದಲ್ಲಿ ಉಳಿದದ್ದು ಆ ಯಜಮಾನರ ಜರಿ ಶಲ್ಯದ ಏಳು ಫೋಟೋ. ಏಳೂ ಬಹಳ ಶಾರ್ಪ್ ಆಗಿ ಬಂದಿದ್ದವು.

ಧೈರ್ಯ ಮಾಡಿ ಗಂಡಿನ ಹತ್ತಿರ ಹೋದೆ. "ಬ್ರದರ್, ಇನ್ನೊಂದು ಸಲ ಕಟ್ಟೋ ಹಾಗೆ ಸುಮ್ನೆ ಹಿಡ್ಕೊಳ್ತೀರಾ?" ಅಂದೆ. ಹಿಂದೆ ಇದ್ದ ಹೆಂಗಸೊಬ್ಬರಿಗೆ ಕೇಳಿಸಿತು. "ತಾಳಿ ಎರಡು ಸಲ ಕಟ್ತಾರೇನ್ಲಾ? ಬಾಯಿಗೆ ಬಂದಂಗೆ ಮಾತಾಡ್ತೀಯಾ?" ಅವತ್ತು ನನಗೆ ಊಟ ಇಳಿಯಲಿಲ್ಲ. ಎರಡು ತಿಂಗಳು ಹೆಣ್ಣಿನ ತಾಯಿ ಫೋನ್ ಮಾಡಿ ಒಂದೇ ಮಾತು ಕೇಳುತ್ತಿದ್ದರು, ಆ ಫೋಟೋ ಸಿಕ್ತಾಪ್ಪಾ ಅಂತ. ಎಲ್ಲೋ ಕಳೆದು ಹೋಗಿದೆ, ಹುಡುಕಿದರೆ ಸಿಗುತ್ತದೆ ಅಂತ ಅವರು ಅಂದುಕೊಂಡಿದ್ದರು. ಕೊನೆಗೆ ಕಾಸು ಅರ್ಧ ಬಿಟ್ಟೆ.

ಇಷ್ಟು ನನ್ನ ಸಮರ್ಥನೆ. ಈಗ ನಿಮ್ಮ ಕಡೆಯದೂ ಒಂದು ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮಂಟಪದ ಮೇಲೆ ನಾನೊಬ್ಬನೇ ಇರೋದಿಲ್ಲ. ಎಷ್ಟೋ ಮದುವೆಯಲ್ಲಿ ಹೆಣ್ಣಿನ ಕಡೆಯವರು ಒಂದು ಟೀಮ್, ಗಂಡಿನ ಕಡೆಯವರು ಇನ್ನೊಂದು ಟೀಮ್ ಕರೆಸಿರುತ್ತಾರೆ. ಒಂದೊಂದು ಟೀಮಿನಲ್ಲೂ ಟ್ರೆಡಿಷನಲ್ ಫೋಟೋಗೆ ಒಬ್ಬ, ಕ್ಯಾಂಡಿಡ್‌ಗೆ (ಪೋಸ್ ಕೊಡಿಸದೆ ಸಹಜವಾಗಿ ತೆಗೆಯೋಕೆ) ಒಬ್ಬ, ವಿಡಿಯೋಗೆ ಇಬ್ಬರು. ಅಲ್ಲಿಗೆ ಎಂಟು ಜನ ಆಯ್ತು. ಎಂಟು ಬೆನ್ನು. ನಾನು ಮಂಡಿ ಊರಿ ಕೂರುತ್ತೇನೆ, ಸರಿ. ಕ್ಯಾಮೆರಾ ಅಲುಗಾಡದ ಹಾಗೆ ಹಿಡಿಯೋ ಗಿಂಬಲ್ ಹಿಡಿದ ವಿಡಿಯೋದವನು ಕೂತರೆ ಅವನ ಕೆಲಸ ಆಗುವುದಿಲ್ಲ. ಅವನು ನಿಲ್ಲುತ್ತಾನೆ. ಅವನು ನಿಂತ ಅಂತ ಇನ್ನೊಂದು ಟೀಮಿನವನೂ ನಿಲ್ಲುತ್ತಾನೆ. ವೈಶಾಖದಲ್ಲಿ ಒಳ್ಳೆ ಲಗ್ನ ಬಂದ ದಿನ ಮಂಡ್ಯದಿಂದ ನಂಜನಗೂಡಿನವರೆಗೆ ಒಂದು ಛತ್ರವೂ ಖಾಲಿ ಇರೋದಿಲ್ಲ. ಅವತ್ತು ಸಿಕ್ಕ ಸಿಕ್ಕ ಹುಡುಗರನ್ನು ದಿನಗೂಲಿಗೆ ಕರೆತರುತ್ತೇವೆ. ಅವರಿಗೆ ಹೆಣ್ಣಿನ ಅಪ್ಪ ಯಾರು, ಚಿಕ್ಕಪ್ಪ ಯಾರು ಗೊತ್ತಿರೋದಿಲ್ಲ. ಗೊತ್ತಿಲ್ಲದವನು ಎಲ್ಲರ ಮುಂದೆಯೂ ನಿಲ್ಲುತ್ತಾನೆ. ಇನ್ನು ಮೊಬೈಲ್ ಎತ್ತಿ ಹಿಡಿದ ನೆಂಟರು. ಅವರ ವಿಷಯ ಬಿಡಿ.

ನಮ್ಮ ಗುರುಗಳು ಹೀಗೆ ನಿಲ್ಲುತ್ತಿರಲಿಲ್ಲ. ಅವರು ಶುರು ಮಾಡಿದ್ದು 120 ಫಿಲ್ಮಿನ ಯಾಶಿಕಾ ಕ್ಯಾಮೆರಾದಲ್ಲಿ. ಒಂದು ರೋಲಿಗೆ 12 ಫೋಟೋ. ಆಮೇಲೆ 35 ಎಂಎಂ ಬಂದಾಗ ರೋಲಿಗೆ 36. ಮದುವೆಗೆ ನಾಲ್ಕು ರೋಲು ಅಂತ ಮಾತಾದರೆ ಚಪ್ಪರ ಶಾಸ್ತ್ರದಿಂದ ಹೆಣ್ಣು ಒಪ್ಪಿಸೋವರೆಗೆ ಎಲ್ಲಾ ಸೇರಿ 144 ಫೋಟೋ, ಮುಗೀತು. ತಾಳಿಗೆ ಅವರು ಹಾಕುತ್ತಿದ್ದದ್ದು ಎರಡೇ ಕ್ಲಿಕ್ಕು. ಎರಡನೆಯದು ಮೊದಲನೆಯದರಲ್ಲಿ ಯಾರಾದರೂ ಕಣ್ಣು ಮುಚ್ಚಿದ್ದರೆ ಅಂತ. ಗಟ್ಟಿಮೇಳಕ್ಕೆ ಸರಿಯಾಗಿ ಮೇಲೆ ಹತ್ತಿ, ಎರಡು ಹೊಡೆದು, ಫಿಲ್ಮ್ ತಿರುಗಿಸುತ್ತಾ ಇಳಿದುಬಿಡುತ್ತಿದ್ದರು. ಜನಕ್ಕೆ ಅವರು ಬಂದದ್ದೂ ಹೋದದ್ದೂ ಗೊತ್ತಾಗುತ್ತಿರಲಿಲ್ಲ.

ನಾನು ತಾಳಿ ಒಂದಕ್ಕೇ ಇನ್ನೂರು ಹೊಡೆಯುತ್ತೇನೆ. ಆಲ್ಬಮ್ಮಿಗೆ ಹೋಗೋದು ಎರಡೋ ಮೂರೋ. ಮೆಮೊರಿ ಕಾರ್ಡಿಗೆ ಕಾಸು ಕೊಡಬೇಕಾಗಿಲ್ಲ ಅಲ್ವಾ, ಅದಕ್ಕೇ ಬೆರಳು ನಿಲ್ಲೋದಿಲ್ಲ. ಬೆರಳು ನಿಲ್ಲದಿದ್ದರೆ ಕಾಲೂ ಕದಲೋದಿಲ್ಲ. ಆ ಒಂದು ನಿಮಿಷಕ್ಕೆ ನಾನು ಕ್ಷಮೆ ಕೇಳೋದಿಲ್ಲ. ಅದರ ಆಚೆ ಈಚೆ ನಾನು ನಿಲ್ಲುವ ಹತ್ತು ನಿಮಿಷ ಇದೆಯಲ್ಲ, ಅದು ಬರೀ ಚಾಳಿ.

ಆರತಕ್ಷತೆಯಲ್ಲಿ ಈ ದೂರು ಬರುವುದಿಲ್ಲ. ನಮ್ಮ ಕಡೆ ಅದು ಹೆಚ್ಚಾಗಿ ಮುಹೂರ್ತದ ಹಿಂದಿನ ದಿನ ಸಂಜೆ. ಅಲ್ಲಿ ಅಡ್ಡ ನಿಲ್ಲೋದು ಕ್ಯೂ. ಒಂದು ಗುಂಪಿಗೆ 20 ಸೆಕೆಂಡ್ ಅಂದರೂ ಗಂಟೆಗೆ 180 ಗುಂಪು. ಹತ್ತಬೇಕು, ಕೈ ಕುಲುಕಬೇಕು, ಮುಯ್ಯಿ ಕವರ್ ಕೊಡಬೇಕು, ನನ್ನ ಕಡೆ ತಿರುಗಬೇಕು, ಇಳಿಯಬೇಕು. ಕೆಲವರು ಕವರ್ ಕೊಡೋ ಹೊತ್ತಿಗೆ ಕೈ ಹಾಗೇ ಹಿಡಿದು ನನ್ನ ಕಡೆ ನೋಡುತ್ತಾರೆ, ಅದು ಫೋಟೋದಲ್ಲಿ ಬಂದೇ ತೀರಬೇಕು. ಅವರನ್ನು ನಾನು ತಪ್ಪಿಸಿಲ್ಲ. ನಾಳೆ ಲೆಕ್ಕದ ಪುಸ್ತಕ ತಪ್ಪಿದರೂ ಆಲ್ಬಮ್ ಸಾಕ್ಷಿ ಹೇಳುತ್ತದೆ. ಈ ಕೆಲಸದಲ್ಲಿ ನನಗೆ ನಿಜವಾದ ತಲೆನೋವು ಅಂದರೆ ಸ್ಟೇಜಿನ ಎಲ್‌ಇಡಿ ಲೈಟು. ಡೆಕೊರೇಷನ್‌ನವರು ಗುಲಾಬಿ, ನೇರಳೆ ಬಿಟ್ಟಿರುತ್ತಾರೆ. ಬೆಳಿಗ್ಗೆ ಅರಿಶಿನ ಹಚ್ಚಿದ ಮುಖದ ಮೇಲೆ ಆ ನೇರಳೆ ಬಿದ್ದರೆ ಮದುಮಗಳು ಬದನೆಕಾಯಿ ಬಣ್ಣಕ್ಕೆ ತಿರುಗುತ್ತಾಳೆ. ಎಡಿಟಿಂಗ್‌ನಲ್ಲಿ ಅದನ್ನು ತೊಳೆಯೋಕೆ ಎರಡು ರಾತ್ರಿ ಬೇಕು. ಬೀಗರೂಟದಲ್ಲಂತೂ ಯಾರೂ ಏನೂ ಕೇಳಲ್ಲ. ಮುದ್ದೆ, ಮಟನ್ ಸಾರು ಬಂದ ಮೇಲೆ ಸ್ಟೇಜ್ ಕಡೆ ನೋಡೋರು ಯಾರು?

ಅಡ್ಡ ನಿಲ್ಲದೆ ಫೋಟೋ ತೆಗೆದದ್ದೂ ಉಂಟು. ಮೈಸೂರಿನಲ್ಲಿ ಕುವೆಂಪು ಹಾಕಿಕೊಟ್ಟ ಮಂತ್ರ ಮಾಂಗಲ್ಯದ ಮದುವೆಗಳು. ಪುರೋಹಿತರಿಲ್ಲ, ಗಳಿಗೆ ಮೀರುತ್ತದೆ ಅನ್ನೋ ಧಾವಂತ ಇಲ್ಲ, ವಾದ್ಯದ ಗಲಾಟೆ ಇಲ್ಲ. ಹಿರಿಯರೊಬ್ಬರು ಪ್ರತಿಜ್ಞೆ ಓದುತ್ತಾರೆ, ಗಂಡು ಹೆಣ್ಣು ಹೇಳುತ್ತಾರೆ, ಬಂದವರು ಕೂತು ಕೇಳುತ್ತಾರೆ. ಅಲ್ಲಿ ನಾನು ಗೋಡೆಗೆ ಒರಗಿಕೊಂಡು ಝೂಮ್ ಹಾಕಿಯೇ ಮುಗಿಸಿದ್ದೇನೆ. ಅಲ್ಲಿ ಕೂತ ಜನರ ಮುಖ ತೆಗೆಯೋಕೂ ನನಗೆ ಪುರುಸೊತ್ತು ಸಿಗುತ್ತದೆ.

ಈಗ ಬುಕಿಂಗ್‌ಗೆ ಬಂದವರಿಗೆ ನಾನೇ ಒಂದು ಪ್ರಶ್ನೆ ಕೇಳುತ್ತೇನೆ. ಮನೆಯಲ್ಲಿ ಮೆಟ್ಟಿಲು ಹತ್ತೋಕೆ ಆಗದ ಅಜ್ಜಿ, ತಾತ ಯಾರಾದರೂ ಇದ್ದಾರಾ? ಇದ್ದರೆ ಮುಹೂರ್ತಕ್ಕೆ ಅರ್ಧ ಗಂಟೆ ಮುಂಚೆ ಅವರನ್ನು ಕುರ್ಚಿ ಸಮೇತ ಮಂಟಪದ ಮೇಲೆ, ನನ್ನ ಎಡಗಡೆಗೆ ಕೂರಿಸಿ ಅನ್ನುತ್ತೇನೆ. ಎಡಗಡೆ ಯಾಕೆ ಅಂದರೆ ನಾನು ಬಲಕ್ಕೆ ಓರೆಯಾಗಿ ಕೂರುತ್ತೇನೆ, ಅವರಿಗೆ ಪೂರಾ ಕಾಣುತ್ತದೆ. ಇನ್ನೊಂದು ಟೀಮಿನವರ ಜೊತೆಗೂ ಬೆಳಿಗ್ಗೆ ತಿಂಡಿ ತಿನ್ನುವಾಗಲೇ ಮಾತಾಡಿಕೊಳ್ಳುತ್ತೇನೆ. ಒಪ್ಪಿದರೆ ಒಪ್ಪುತ್ತಾರೆ. ಕೆಲವರು ಹೂಂ ಅಂದು ಇಡ್ಲಿ ತಿಂದು ಆಮೇಲೆ ನನ್ನ ಮುಂದೆಯೇ ಬಂದು ನಿಲ್ಲುತ್ತಾರೆ.

ಈ ಕುರ್ಚಿ ವಿಷಯ ಕಲಿಸಿದ್ದು ಪಾಂಡವಪುರದ ಕಡೆಯ ಒಬ್ಬ ಅಜ್ಜಿ. ಮದುಮಗಳು ಅವರ ಮೊಮ್ಮಗಳು, ಅವರೇ ಸಾಕಿದ್ದು. ಮುಂದಿನ ಸಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಅಕ್ಷತೆಯನ್ನು ಸೆರಗಿನ ಮೂಲೆಯಲ್ಲಿ ಗಂಟು ಕಟ್ಟಿ ಇಟ್ಟುಕೊಂಡಿದ್ದರು, ಚೆಲ್ಲಿ ಹೋಗದಿರಲಿ ಅಂತ. ನಾನು ನೋಡಿದ್ದೆ, ಒಂದು ಫೋಟೋನೂ ತೆಗೆದಿದ್ದೆ. ಒಳ್ಳೆ ಕ್ಯಾಂಡಿಡ್ ಅಂತ ಖುಷಿಪಟ್ಟು ಹೋಗಿ ಅವರ ಎದುರಿಗೇ ಮಂಟಪ ಹತ್ತಿ ನಿಂತೆ. ಅವತ್ತು ಕೂರಲಿಲ್ಲ, ನಿಂತೇ ಇದ್ದೆ.

ಎರಡು ತಿಂಗಳಾದ ಮೇಲೆ ಆಲ್ಬಮ್ ಕೊಡೋಕೆ ಮನೆಗೆ ಹೋದೆ. ಜಗಲಿ ಮೇಲೆ ಕೂತು ಅಜ್ಜಿ ಒಂದೊಂದೇ ಹಾಳೆ ತಿರುಗಿಸಿದರು. ತಾಳಿಯ ಹಾಳೆ ಬಂತು. ಫೋಟೋ ಚೆನ್ನಾಗಿತ್ತು, ನಾನೇ ಹೇಳಬಾರದು. ಅಕ್ಷತೆ ಕಾಳು ಗಾಳಿಯಲ್ಲಿ ನಿಂತಿದ್ದವು, ಹುಡುಗಿಯ ಕಣ್ಣಂಚಲ್ಲಿ ನೀರಿತ್ತು. ಅಜ್ಜಿ ಬಹಳ ಹೊತ್ತು ನೋಡಿದರು. ಬೆರಳಲ್ಲಿ ಒಂದು ಸಲ ಮುಟ್ಟಿದರು. "ಇಂಗಾಯ್ತಾ?" ಅಂದರು. ನನಗೆ ಅರ್ಥ ಆಗಲಿಲ್ಲ. "ನೀವು ಅಲ್ಲೇ ಇದ್ರಲ್ಲಜ್ಜಿ, ಮುಂದಿನ ಸಾಲಲ್ಲೇ" ಅಂದೆ.

"ಇದ್ದೆ ಕಣ್ ಮಗ. ನೀನು ನಿಂತಿದ್ದೆ. ಅಕ್ಕಿಕಾಳ ನಿನ್ ಮ್ಯಾಲೇ ಆಕ್ದೆ."

ಆಮೇಲೆ ಕಾಫಿ ಕೊಡಿಸಿದರು. ಹೊರಡುವಾಗ ಕರೆದು, ಮೆತ್ತಗೆ, ಬೇರೆ ಯಾರಿಗೂ ಕೇಳಿಸಬಾರದು ಅನ್ನೋ ಹಾಗೆ ಹೇಳಿದರು. "ಅವತ್ತಾಕಿದ್ದ ನೀಲಿ ಅಂಗಿ, ಬೆನ್ನಾಗ ಬಲತೋಳಿನ ತಾವ ಒಲಿಗೆ ಬಿಟ್ಟದೆ. ಒಲಿಸ್ಕೊ."

ಮನೆಗೆ ಬಂದು ಬೀರುವಿನಿಂದ ಅಂಗಿ ತೆಗೆದು ನೋಡಿದೆ. ನಾಲ್ಕು ಬೆರಳಗಲ ಬಿಟ್ಟಿತ್ತು.