ತಪ್ಪಾದ್ರೂ ನಿನ್ನ ಅನ್ನಲ್ಲ ಬಿಡು

ಪಹಣಿ ಪ್ರಿಂಟ್ ತೆಗೆಸೋಣ ಅಂತ ಈ ಮಂಗಳವಾರ ಜಯದೇವ ಸರ್ಕಲ್ ಹತ್ತಿರದ ಸೈಬರ್ ಸೆಂಟರ್‌ಗೆ ಹೋಗಿದ್ದೆ. ಒಳಗೆ ಕಾಲಿಡೋಕೆ ಜಾಗ ಇರಲಿಲ್ಲ. ಸಿಇಟಿ ಮೊದಲ ಸುತ್ತಿನ ಸೀಟು ಹಂಚಿಕೆ ಆಗಿತ್ತು, ಚಾಯ್ಸ್ ಒತ್ತೋಕೆ ಅವತ್ತೇ ಕೊನೆ ದಿನ.

ನನ್ನ ಮುಂದೆ ಜಗಳೂರು ಕಡೆಯ ಅಪ್ಪ, ಮಗಳು. ಹುಡುಗಿಗೆ ಇಲ್ಲೇ ದಾವಣಗೆರೆಯಲ್ಲಿ ಎಲೆಕ್ಟ್ರಾನಿಕ್ಸ್ ಸಿಕ್ಕಿತ್ತು. ಅವಳು ಮೊದಲೇ ಕೊಟ್ಟಿದ್ದ ಪಟ್ಟಿಯಲ್ಲಿ ಅದಕ್ಕಿಂತ ಮೇಲೆ ಬೆಂಗಳೂರಿನ ಕಂಪ್ಯೂಟರ್ ಸೈನ್ಸ್ ಇತ್ತು. ಸಿಕ್ಕ ಸೀಟನ್ನ ಏನು ಮಾಡ್ತೀರಿ ಅನ್ನೋದಕ್ಕೆ ನಾಲ್ಕು ಚಾಯ್ಸ್. ಒಂದನೇದು ಒತ್ತಿದರೆ ಇಲ್ಲೇ ಸೇರಬೇಕು. ಎರಡನೇದು ಒತ್ತಿದರೆ ಈ ಸೀಟು ಇಟ್ಟುಕೊಂಡೇ ಮುಂದಿನ ಸುತ್ತಿಗೆ ಕಾಯಬಹುದು. ಮೂರನೇದರಲ್ಲಿ ಈ ಸೀಟು ಬಿಟ್ಟು ಕಾಯಬೇಕು, ನಾಲ್ಕನೇದು ಅಂದರೆ ಪೂರ್ತಿ ಹೊರಗೆ. ಕೊನೆಯ ಎರಡು ಅವಳಿಗೆ ಬೇಕಾಗೇ ಇರಲಿಲ್ಲ. ಆದರೂ ನಾಲ್ಕೂ ಒಟ್ಟಿಗೆ ಕಣ್ಣ ಮುಂದೆ ಇದ್ದಿದ್ದಕ್ಕೋ ಏನೋ, ಮೌಸ್ ಮೇಲಿಟ್ಟ ಕೈ ವಾಪಸ್ ತಗೊಂಡು ದುಪಟ್ಟಾಗೆ ಒರೆಸಿಕೊಳ್ಳುತ್ತಿದ್ದಳು. ಮತ್ತೆ ಇಡುತ್ತಿದ್ದಳು, ಮತ್ತೆ ಒರೆಸಿಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಫೋನುಗಳು. ಒಬ್ಬ ಮಾವ, 'ಬೆಂಗ್ಳೂರು ಬಿಟ್ರೆ ಮುಂದೆ ಅಳ್ತೀರಿ' ಅಂದ. ಚಿಕ್ಕಪ್ಪ, 'ಹೆಣ್ಣು ಹುಡುಗೀನ ಅಷ್ಟು ದೂರ ಯಾಕ್ ಕಳಿಸ್ತೀರಿ' ಅಂದ. ಕೇಳಿ ನನಗೇ ಸಿಟ್ಟು ಬಂತು. ಫೀಸು ಕಟ್ಟೋರು ಇವರಲ್ಲ, ಓದೋರೂ ಇವರಲ್ಲ. ಹೇಳೋದು ಹೇಳಿ ಫೋನ್ ಇಟ್ಟರೆ ಇವರ ಕೆಲಸ ಮುಗೀತು.

ಸೈಬರ್ ಹುಡುಗ ಮಾತ್ರ ಅಪ್ಪಟ ಬಂಗಾರ. ಹೊರಗೆ ಅಷ್ಟು ಜನ ಗಲಾಟೆ ಮಾಡುತ್ತಿದ್ದರೂ ಬೇಜಾರಿಲ್ಲದೆ ಅದನ್ನೇ ಮತ್ತೆ ಮತ್ತೆ ಹೇಳಿದ. 'ನೋಡಮ್ಮ, ಎರಡನೇದು ಒತ್ತಿದ್ರೆ, ಮೇಲಿಂದು ಸಿಗದೇ ಹೋದ್ರೂ ಇದು ನಿಂಗೇ ಇರುತ್ತೆ. ಅದು ಸಿಕ್ರೆ ಮಾತ್ರ ಇದು ತಾನಾಗೇ ಕ್ಯಾನ್ಸಲ್.' ಇದು ಗೊತ್ತಾದ ಮೇಲೆ ಅವಳ ಮುಖ ಸ್ವಲ್ಪ ಸಡಿಲಾಯಿತು. ನಿಯಮ ಗೊತ್ತಿಲ್ಲದೆ ಹುಟ್ಟಿದ ಭಯ ಅಲ್ಲಿಗೆ ಹೋಯಿತು. ಆದರೂ ಕೈ ಮುಂದೆ ಹೋಗಲಿಲ್ಲ.

ಆಗ ಅಲ್ಲಿವರೆಗೂ ಸುಮ್ಮನಿದ್ದ ಅಪ್ಪ ಬಾಯಿ ಬಿಟ್ಟರು. 'ಒತ್ತವ್ವ. ನಾಳೆ ತಪ್ಪಾದ್ರೂ ನಿನ್ನ ಅನ್ನಲ್ಲ ಬಿಡು. ಯಾರೂ ಅನ್ನದಂಗೆ ನಾ ನೋಡ್ಕೊಳ್ತೀನಿ.'

'ನಿಜವಾಗ್ಲೂ ಅನ್ನಲ್ವಾ ಅಪ್ಪಾಜಿ?'

'ಇಲ್ಲವ್ವ.'

ಎರಡನೇದು ಒತ್ತಿದಳು. ಅಷ್ಟೇ.

ಈ ಮಾತು ವಾರವಿಡೀ ತಲೆಯಲ್ಲಿ ಸುತ್ತುತ್ತಿದೆ. ಅವಳು ಹೆದರಿದ್ದು ಕಾಲೇಜಿಗಲ್ಲ, ಬೆಂಗಳೂರಿಗೂ ಅಲ್ಲ. 'ನಾ ಅವತ್ತೇ ಹೇಳಿದ್ನಲ್ಲ' ಅನ್ನೋ ಮಾತಿಗೆ. ನಮ್ಮ ಮನೆಗಳಲ್ಲಿ ಇದು ಎಷ್ಟು ಸಲೀಸಾಗಿ ಬರುತ್ತೆ ನೋಡಿ! ಮದುವೆ ಸರಿಹೋಗದಿದ್ದರೆ ಬರುತ್ತೆ, ಬೋರ್‌ವೆಲ್ ಫೇಲಾದರೆ ಬರುತ್ತೆ, ಅಂಗಡಿ ಮುಚ್ಚಿದರೆ ಬರುತ್ತೆ. ಚಿಕ್ಕಂದಿನಿಂದ ಇದನ್ನೇ ಕೇಳಿ ಬೆಳೆದವರು ಇಪ್ಪತ್ತೈದಾದರೂ ಮೂವತ್ತಾದರೂ ಒಂದು ಫಾರ್ಮ್‌ಗೆ ಸಹಿ ಹಾಕೋಕೆ ನಾಲ್ಕು ಜನರನ್ನ ಕೇಳುತ್ತಾರೆ. ಆಮೇಲೆ ನಾವೇ 'ಇವಕ್ಕೆ ಸ್ವಂತ ಬುದ್ಧಿ ಇಲ್ಲ' ಅಂತೀವಿ.

ಅದೇ ಅಪ್ಪ ಹದ ಮಳೆ ಬಿದ್ದರೆ ಯಾರನ್ನೂ ಕೇಳದೆ ಮೆಕ್ಕೆಜೋಳ ಬಿತ್ತುತ್ತಾರೆ. ಜಗಳೂರು ಮಳೆ ನಂಬೋ ಹಂಗಿಲ್ಲ, ಬೀಜ ಗೊಬ್ಬರಕ್ಕೆ ಹಾಕಿದ ದುಡ್ಡು ಅಷ್ಟೂ ಮಣ್ಣುಪಾಲಾಗಬಹುದು. ಆದರೂ ಕೈ ನಡುಗಲ್ಲ. ಯಾಕೆಂದರೆ ಬೆಳೆ ಹೋದರೆ ಮಳೆನ ಬೈತೀವಿ, ಬಿತ್ತಿದವನನ್ನ ಬೈಯಲ್ಲ. ಮಕ್ಕಳ ವಿಷಯದಲ್ಲಿ ಮಾತ್ರ ಬೈಗುಳಕ್ಕೆ ಮಗುವೇ ಬೇಕು. ಇದು ಅನ್ಯಾಯ ಅಲ್ವಾ?

ನನ್ನ ತಂಗಿಗೆ ಹುಬ್ಬಳ್ಳಿಗೆ ಪ್ರಮೋಷನ್ ಬಂದಿದೆ. ಹೋಗೋದಾ ಬೇಡವಾ ಅಂತ ಒದ್ದಾಡುತ್ತಿದ್ದಾಳೆ. ನಾನೂ ದಿನಾ ಒಂದೊಂದು ಸಲಹೆ ಕೊಡುತ್ತಿದ್ದೆ. ಮಂಗಳವಾರ ರಾತ್ರಿ ಫೋನ್ ಮಾಡಿ, 'ಹೋಗು, ಬಿಡು, ಏನ್ ಮಾಡಿದ್ರೂ ಆಮೇಲೆ ನಾ ಮಾತೆತ್ತಲ್ಲ' ಅಂದೆ.

ಸ್ವಲ್ಪ ಹೊತ್ತು ಅವಳು ಮಾತಾಡಲಿಲ್ಲ. ಆಮೇಲೆ, 'ಅಮ್ಮನ ಬಾಯಲ್ಲೂ ಇದೇ ಮಾತು ಹೇಳಿಸು ಅಣ್ಣ, ನಾಳೆನೇ ಒಪ್ಕೊಂಡು ಮೇಲ್ ಹಾಕ್ತೀನಿ' ಅಂದಳು.

ಅಮ್ಮ ಅಷ್ಟು ಸುಲಭಕ್ಕೆ ಬಗ್ಗೋರಲ್ಲ. ಭಾನುವಾರ ಊರಿಗೆ ಹೋಗ್ತಾ ಇದ್ದೀನಿ.