ಬಸ್ಸಿನಿಂದ ಇಳಿಯಬೇಕಾದೀತೆಂದು ನೀರು ಕುಡಿಯುವುದನ್ನು ಬಿಡಬೇಡಿ

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರು, ಯಾದಗಿರಿ, ಬಳ್ಳಾರಿ ಕಡೆ ಮಧ್ಯಾಹ್ನದ ಬಸ್ಸು ಹತ್ತುವವರಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಬಹಳ ಮಂದಿ ಬೆಳಗಿನಿಂದಲೇ ನೀರು ಕುಡಿಯುವುದನ್ನು ಕಡಿಮೆ ಮಾಡಿರುತ್ತಾರೆ. ಕೈಯಲ್ಲಿ ಬಾಟಲಿ ಇರುತ್ತದೆ, ಮುಚ್ಚಳ ಮಾತ್ರ ತೆಗೆಯುವುದಿಲ್ಲ. ನಡುವೆ ಮೂತ್ರಕ್ಕೆ ಅವಸರವಾದರೆ ಏನು ಗತಿ ಎಂಬ ಅಂಜಿಕೆ. ಅಂಜಿಕೆಗೆ ಕಾರಣವಿದೆ: ಎಷ್ಟೋ ನಿಲ್ದಾಣಗಳ ಶೌಚಾಲಯ ಕಾಲಿಡುವಂತಿರುವುದಿಲ್ಲ, ಹೆದ್ದಾರಿ ಪಕ್ಕದಲ್ಲಿ ಮರೆಯೂ ಇರುವುದಿಲ್ಲ. ಆದರೆ 42 ಡಿಗ್ರಿ ಬಿಸಿಲಿನಲ್ಲಿ ನಾಲ್ಕು ತಾಸು ಒಣ ಗಂಟಲಲ್ಲಿ ಕೂತರೆ ತಲೆನೋವು, ಸುಸ್ತು, ಉರಿಮೂತ್ರದಲ್ಲಿ ಮುಗಿಯುತ್ತದೆ. ಇದೇ ರೂಢಿಯಾದರೆ ಮೂತ್ರದ ಸೋಂಕಿಗೂ ಕಲ್ಲಿಗೂ ದಾರಿ. ಮೂತ್ರದ ಅವಸರ ತಪ್ಪಿಸಿಕೊಂಡೇ ದೇಹಕ್ಕೆ ಬೇಕಾದಷ್ಟು ನೀರು ಕೊಡಬಹುದು. ಅದಕ್ಕೆ ಲೆಕ್ಕ ಗೊತ್ತಿರಬೇಕು, ಅಷ್ಟೆ.

ಚರ್ಮದ ಬಿಸಿ ಸುಮಾರು 35 ಡಿಗ್ರಿ. ಹೊರಗಿನ ಗಾಳಿ ಅದಕ್ಕಿಂತ ಬಿಸಿಯಾಗಿದ್ದಾಗ ಕಿಟಕಿಯಿಂದ ನುಗ್ಗುವ ಝಳ ಮೈಗೆ ಇನ್ನಷ್ಟು ಶಾಖ ತುಂಬುತ್ತದೆ. ಆಗ ಮೈ ತಂಪಾಗಲು ಉಳಿಯುವ ದಾರಿ ಒಂದೇ, ಬೆವರು ಆರುವುದು. ಒಂದು ಲೀಟರ್ ಬೆವರು ಆರಿದರೆ ಸುಮಾರು 580 ಕಿಲೊಕ್ಯಾಲರಿ ಶಾಖ ಹೊರಹೋಗುತ್ತದೆ. ಸುಮ್ಮನೆ ಕೂತ ಪ್ರಯಾಣಿಕರೂ ಇಂಥ ಬಸ್ಸಿನಲ್ಲಿ ತಾಸಿಗೆ ಕಾಲು ಲೀಟರಿನಿಂದ ಅರ್ಧ ಲೀಟರ್‌ವರೆಗೆ ಬೆವರಬಹುದು. ನಿಂತವರು, ಮಗು ಎತ್ತಿಕೊಂಡವರು ಇನ್ನೂ ಹೆಚ್ಚು. ನಮ್ಮ ಕಡೆಯ ಒಣ ಗಾಳಿಯಲ್ಲಿ ಈ ಬೆವರು ಹುಟ್ಟಿದಲ್ಲೇ ಆರಿಹೋಗುವುದರಿಂದ ಅಂಗಿ ಒದ್ದೆಯಾಗುವುದಿಲ್ಲ. ‘ಬೆವರೇ ಬಂದಿಲ್ಲ, ನೀರು ಯಾಕೆ’ ಎನ್ನುವವರು ಮೋಸಹೋಗುವುದು ಇಲ್ಲಿಯೇ. ಕತ್ತಿನ ಮೇಲೆ, ಅಂಗಿಯ ಕಾಲರಿನಲ್ಲಿ ಬಿಳಿ ಉಪ್ಪಿನ ಗೆರೆ ಕಂಡರೆ ಎಷ್ಟು ಹೋಗಿದೆ ಎಂದು ತಿಳಿಯುತ್ತದೆ. ಮಂಗಳೂರು, ಉಡುಪಿ ಕಡೆ ಇದಕ್ಕೆ ತಿರುವುಮುರುವು. ಅಲ್ಲಿ ತೇವದ ಗಾಳಿಯಲ್ಲಿ ಬೆವರು ಆರದೆ ಸುರಿಯುತ್ತದೆ, ಮೈ ತಂಪಾಗುವುದಿಲ್ಲ, ನೀರು ಮತ್ತು ಉಪ್ಪು ಮಾತ್ರ ವ್ಯರ್ಥ ಹೋಗುತ್ತವೆ.

ಈಗ ಮೂತ್ರದ ಪ್ರಶ್ನೆ. ಒಂದೇ ಸಲಕ್ಕೆ ಅರ್ಧ ಲೀಟರ್ ಬರೀ ನೀರು ಗಟಗಟ ಕುಡಿದರೆ ರಕ್ತ ಸ್ವಲ್ಪ ತೆಳುವಾಗುತ್ತದೆ. ಅದರ ಸುಳಿವು ಸಿಕ್ಕ ಕೂಡಲೇ ಮೂತ್ರಪಿಂಡ ಹೆಚ್ಚಿನ ನೀರನ್ನು ಹೊರಗೆ ತಳ್ಳಲು ಶುರುಮಾಡುತ್ತದೆ, ತಾಸು ಒಂದೂವರೆ ತಾಸಿನೊಳಗೆ ಮೂತ್ರಚೀಲ ತುಂಬುತ್ತದೆ. ಅದೇ ನೀರನ್ನು ಗುಟುಕು ಗುಟುಕಾಗಿ, ಜೊತೆಗೆ ಸ್ವಲ್ಪ ಉಪ್ಪು ಸೇರಿಸಿ ಕುಡಿದರೆ ಹೆಚ್ಚಿನ ಪಾಲು ಮೈಯಲ್ಲೇ ನಿಂತು ಬೆವರಿಗೆ ಒದಗುತ್ತದೆ. ಬಸ್ಸು ಹತ್ತುವ ಮುಂಚೆ ಒಂದು ಬಾಟಲಿ ಪೂರ್ತಿ ಬರಿದು ಮಾಡಿ ಆಮೇಲೆ ಊರು ಮುಟ್ಟುವವರೆಗೆ ಏನೂ ಮುಟ್ಟದಿರುವುದು ಎಲ್ಲಕ್ಕಿಂತ ಕೆಟ್ಟ ಕ್ರಮ. ಮೊದಲ ಅರ್ಧ ದಾರಿ ಮೂತ್ರದ ಅವಸರ, ಉಳಿದ ಅರ್ಧ ದಾರಿ ಬಾಯಾರಿಕೆ.

ಮಧ್ಯಾಹ್ನ ಹನ್ನೆರಡಕ್ಕೆ ಕಲಬುರಗಿಯಿಂದ ರಾಯಚೂರಿಗೆ ಹೊರಡುವ ಬಸ್ಸು ಎಂದಿಟ್ಟುಕೊಳ್ಳಿ, ಸುಮಾರು ನಾಲ್ಕು ತಾಸಿನ ದಾರಿ. ಒಂಬತ್ತೂವರೆಗೆ ಊಟವೋ ನಾಷ್ಟಾವೋ ಆಗಬೇಕು, ಅದರ ಜೊತೆ ಅರ್ಧ ಲೀಟರ್ ನೀರು. ಜೋಳದ ಅಂಬಲಿ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ, ನೀರು, ಉಪ್ಪು, ಗಂಜಿ ಮೂರೂ ಒಂದೇ ಲೋಟದಲ್ಲಿ ಬರುತ್ತವೆ. ಇದರ ಹೆಚ್ಚುವರಿ ನೀರು ಹನ್ನೊಂದೂವರೆಯೊಳಗೆ ಮೂತ್ರವಾಗಿ ಬಂದಿರುತ್ತದೆ, ಮನೆಯಲ್ಲೋ ದೊಡ್ಡ ನಿಲ್ದಾಣದಲ್ಲೋ ಹೋಗಿ ಬನ್ನಿ. ಬಸ್ಸು ಹತ್ತುವಾಗ ಒಂದು ಲೋಟ, ಅಂದರೆ 200 ಮಿ.ಲೀ. ಉಪ್ಪು ಹಾಕಿದ ಮಜ್ಜಿಗೆ. ಬಸ್ಸು ಬಿಟ್ಟ ಮೇಲೆ ಕಾಲು ತಾಸಿಗೊಮ್ಮೆ ಮೂರು ಗುಟುಕು. ದೊಡ್ಡವರ ಮೂರು ಗುಟುಕು ಹತ್ತಿರ ಹತ್ತಿರ 75 ಮಿ.ಲೀ. ಆಗುತ್ತದೆ, ತಾಸಿಗೆ 300 ಮಿ.ಲೀ., ನಾಲ್ಕು ತಾಸಿಗೆ ಒಂದು ಲೀಟರ್ 200 ಮಿ.ಲೀ. ಬಸ್ಸು ಕೆಟ್ಟು ನಿಲ್ಲುವುದೂ ಉಂಟು, ಆದ್ದರಿಂದ ಒಬ್ಬರಿಗೆ ಒಂದೂವರೆ ಲೀಟರ್ ಇಟ್ಟುಕೊಳ್ಳುವುದು ಸರಿ: ಒಂದು ಲೀಟರ್ ಬರೀ ನೀರು, ಅರ್ಧ ಲೀಟರ್ ಮಜ್ಜಿಗೆ. ಬಾಯಾರಿಕೆ ಆಗಲಿ ಎಂದು ಕಾಯಬೇಡಿ. ವಯಸ್ಸಾದವರಿಗೆ ಬಾಯಾರಿಕೆಯ ಅರಿವೇ ತಡವಾಗಿ ಆಗುತ್ತದೆ, ಪಕ್ಕದಲ್ಲಿ ಕೂತವರೇ ‘ಅಜ್ಜಾ, ಎರಡು ಗುಟುಕು ಕುಡೀರಿ’ ಎಂದು ನೆನಪಿಸಬೇಕು.

ಹತ್ತುವ ಮುಂಚೆ ಕಂಡಕ್ಟರ್ ಹತ್ತಿರ ಎರಡು ಮಾತು ಕೇಳಿಕೊಳ್ಳಿ: ನಡುವೆ ಎಲ್ಲೆಲ್ಲಿ ನಿಲ್ಲುತ್ತೆ, ಎಷ್ಟು ನಿಮಿಷ. ತಾಲ್ಲೂಕು ನಿಲ್ದಾಣದಲ್ಲಿ ಹತ್ತು ನಿಮಿಷ ನಿಲ್ಲುವುದು ಗೊತ್ತಿದ್ದರೆ ಅದಕ್ಕೆ ಮುಂಚಿನ ಒಂದು ತಾಸು ಧೈರ್ಯವಾಗಿ ಕುಡಿಯಬಹುದು. ಚಿಲ್ಲರೆ ಕೈಯಲ್ಲೇ ಇರಲಿ. ಇಳಿಯುವಾಗ ‘ಅಣ್ಣಾ, ಐದು ನಿಮಿಷ, ಬಂದೆ’ ಎಂದು ಹೇಳಿಯೇ ಇಳಿಯಿರಿ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಮಜ್ಜಿಗೆಯ ಅಳತೆ ಹೀಗೆ: 100 ಮಿ.ಲೀ. ಮೊಸರು, 400 ಮಿ.ಲೀ. ನೀರು, ಚಹಾ ಚಮಚದಲ್ಲಿ ಕಾಲು ಚಮಚ ಉಪ್ಪು, ಚಮಚದ ಬಾಯಿ ಮಟ್ಟಸವಾಗಿರಬೇಕು. ಕಡೆದು ಬೆಣ್ಣೆ ತೆಗೆದ ಮಜ್ಜಿಗೆಯಾದರೆ ಇನ್ನೂ ಹಗುರ. ಹೊರಡುವಾಗಲೇ ತುಂಬಿಕೊಂಡು ನಾಲ್ಕು ತಾಸಿನೊಳಗೆ ಮುಗಿಸಿ. ಈ ಬಿಸಿಲಿನಲ್ಲಿ ನಾಲ್ಕೈದು ತಾಸಿಗೆ ಹುಳಿ ಏರುತ್ತದೆ, ಬಿಗಿ ಮುಚ್ಚಳದ ಬಾಟಲಿಯಲ್ಲಿ ಗಾಳಿ ಕಟ್ಟಿ ತೆಗೆದಾಗ ಮೈಮೇಲೆ ಚಿಮ್ಮುತ್ತದೆ. ತಾಮ್ರದ ಬಾಟಲಿಗೆ ಮಜ್ಜಿಗೆಯನ್ನಾಗಲಿ ನಿಂಬೆ ಪಾನಕವನ್ನಾಗಲಿ ಹಾಕಲೇಬಾರದು. ಹುಳಿಗೆ ತಾಮ್ರ ಕರಗಿ ಹೊಟ್ಟೆ ತೊಳಸುತ್ತದೆ, ವಾಂತಿಯಾಗುತ್ತದೆ. ಸ್ಟೀಲಿನದೇ ಸರಿ.

ಓಆರ್‌ಎಸ್ (ನೀರಿಗೆ ಬೆರೆಸಿ ಕುಡಿಯುವ ಉಪ್ಪು–ಸಕ್ಕರೆಯ ಪುಡಿ) ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಹೆಚ್ಚು ತಪ್ಪು ಆಗುವುದು ಇದರಲ್ಲೇ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ, ಚಿಕ್ಕದು 200 ಮಿ.ಲೀ.ಗೆ. ಲೀಟರಿಗೆ ಬೀಳುವುದು 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್. ಕರುಳು ಉಪ್ಪನ್ನೂ ಸಕ್ಕರೆಯನ್ನೂ ಜೊತೆಯಾಗಿ ಹೀರುತ್ತದೆ, ನೀರು ಅವುಗಳ ಹಿಂದೆಯೇ ಒಳಗೆ ಹೋಗುತ್ತದೆ, ಅದಕ್ಕೇ ಈ ಅಳತೆ. ದೊಡ್ಡ ಪೊಟ್ಟಣವನ್ನು ಅರ್ಧ ಲೀಟರ್ ಬಾಟಲಿಗೆ ಸುರಿದರೆ ಉಪ್ಪು ಎರಡರಷ್ಟು ಗಟ್ಟಿಯಾಗಿ ಬಾಯಾರಿಕೆ ಹೆಚ್ಚುತ್ತದೆ, ಮಕ್ಕಳಿಗಂತೂ ಅಪಾಯ. ಅರ್ಧ ಪುಡಿ ಹಾಕಿ ಅರ್ಧ ಮಡಚಿಡುವುದೂ ಬೇಡ, ಪುಡಿ ಎಲ್ಲಾ ಕಡೆ ಒಂದೇ ಸಮ ಬೆರೆತಿರುವುದಿಲ್ಲ. ಲೀಟರ್ ಬಾಟಲಿಯಿಂದ ಎರಡು ಗುಟುಕು ಕುಡಿದು ಜಾಗ ಮಾಡಿ, ಪೂರ್ತಿ ಸುರಿದು, ಕಲಕಿ, ಅಂದೇ ಮುಗಿಸಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎಲ್ಲವೂ ಮಟ್ಟಸ.

ಹೊಟ್ಟೆತುಂಬ ಉಂಡು ಆರಾಮಾಗಿ ಕೂತು ಹೋಗುವವರಿಗೆ ಓಆರ್‌ಎಸ್ ಬೇಕಿಲ್ಲ. ಬೇಕಾಗುವುದು ತಾಸುಗಟ್ಟಲೆ ನಿಂತು ಬೆವರು ಹರಿಸಿದವರಿಗೆ, ಭೇದಿ ಆದವರಿಗೆ, ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುವವರಿಗೆ. ವಾಂತಿಯಾದ ಮೇಲೆ ಹತ್ತು ನಿಮಿಷ ಬಿಟ್ಟು, ಒಂದೊಂದೇ ಮುಚ್ಚಳದಷ್ಟು, ಎರಡು ಮೂರು ನಿಮಿಷಕ್ಕೊಮ್ಮೆ. ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ ಸಿಹಿ ಪಾನೀಯ ಓಆರ್‌ಎಸ್ ಅಲ್ಲ. ಆಹಾರ, ಪಾನೀಯಗಳ ಹೆಸರಿನಲ್ಲಿ ಆ ಪದ ಬಳಸಕೂಡದೆಂದು 2025ರ ಅಕ್ಟೋಬರಿನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಆದೇಶಿಸಿದೆ. ಔಷಧಿ ಅಂಗಡಿಯಲ್ಲಿ ಪುಡಿ ಪೊಟ್ಟಣವನ್ನೇ ಕೇಳಿ.

ನಿಲ್ದಾಣದಲ್ಲಿ ಕಿಟಕಿಗೆ ಬರುವುದರಲ್ಲಿ ನಮ್ಮ ಮೊದಲ ಆಯ್ಕೆ ಸೌತೆಕಾಯಿ. ಅದರಲ್ಲಿ ನೂರಕ್ಕೆ 95 ಪಾಲು ನೀರು, ಮೇಲೆ ಉಪ್ಪು–ಖಾರ ಬೇರೆ. ಕಣ್ಣೆದುರೇ ಸಿಪ್ಪೆ ತೆಗೆಸಿ, ಸೀಳಿಸಿಕೊಳ್ಳಿ. ಹೆಚ್ಚಿ ಇಟ್ಟ ಕಲ್ಲಂಗಡಿ ಬೇಡ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಬೆವರಿನಲ್ಲಿ ಮುಖ್ಯವಾಗಿ ಹೋಗುವ ಸೋಡಿಯಂ ಕಡಿಮೆ, ಆದ್ದರಿಂದ ಒಂದು ಕುಡಿದು ಎರಡು ಉಪ್ಪಿನ ಶೇಂಗಾ ಬಾಯಿಗೆ ಹಾಕಿಕೊಂಡರೆ ಚೆನ್ನ. ತಂಪು ಪಾನೀಯದ ಬಾಟಲಿಯಲ್ಲಿ ಲೀಟರಿಗೆ ನೂರು ಗ್ರಾಂ ಆಸುಪಾಸು ಸಕ್ಕರೆ ಇರುತ್ತದೆ, ಓಆರ್‌ಎಸ್‌ನ ಏಳೆಂಟು ಪಟ್ಟು. ಅದು ಹೊಟ್ಟೆಯಿಂದ ನಿಧಾನವಾಗಿ ಇಳಿಯುತ್ತದೆ, ಬಾಯಾರಿಕೆ ಉಳಿದೇ ಇರುತ್ತದೆ. ಕಬ್ಬಿನ ಹಾಲಿಗೆ ಮಂಜುಗಡ್ಡೆ ಬೇಡವೆನ್ನಿ. ಚಹಾದಿಂದ ನೀರು ಬತ್ತುತ್ತದೆ ಎಂಬ ಮಾತು ಸುಳ್ಳು, ಒಂದು ಕಪ್ ಕುಡಿದರೆ ಅದೂ ನೀರಿನ ಲೆಕ್ಕಕ್ಕೇ ಸೇರುತ್ತದೆ. ನೀರಿನ ಬಾಟಲಿ ಕೊಂಡರೆ ಮುಚ್ಚಳದ ಕೆಳಗಿನ ಉಂಗುರ ತಿರುಗಿಸುವಾಗ ಚಟ್ಟನೆ ಮುರಿಯಬೇಕು, ಮೊದಲೇ ಸಡಿಲವಿದ್ದರೆ ಮರಳಿ ಕೊಡಿ.

ನೀರು ಬಿಸಿಯಾದರೆ ಕುಡಿಯಲು ಮನಸ್ಸಾಗುವುದಿಲ್ಲ, ಇದು ಸಣ್ಣ ಸಂಗತಿಯಲ್ಲ. ಹತ್ತಿ ಟವೆಲನ್ನು ಒದ್ದೆ ಮಾಡಿ ಬಾಟಲಿಗೆ ಸುತ್ತಿ, ನೆರಳಿದ್ದು ಗಾಳಿ ಆಡುವ ಕಡೆ ಇಡಿ. ಒಣ ಹವೆಯಲ್ಲಿ ಬಟ್ಟೆಯ ನೀರು ಆರುತ್ತಾ ಒಳಗಿನದನ್ನು ತಂಪು ಮಾಡುತ್ತದೆ, ಅರ್ಧ ತಾಸಿಗೊಮ್ಮೆ ನೆನೆಸಬೇಕು. ಕರಾವಳಿಯಲ್ಲಿ ಇದು ನಡೆಯದು, ಅಲ್ಲಿಗೆ ಫ್ಲಾಸ್ಕೇ ಬೇಕು. ಅದೇ ಟವೆಲನ್ನು ಆಗಾಗ ಕತ್ತಿಗೆ, ಮುಂಗೈಗೆ ಹಾಕಿಕೊಂಡರೆ ಆ ನೀರು ನಿಮ್ಮ ಬೆವರಿನ ಕೆಲಸ ಮಾಡುತ್ತದೆ, ಅಷ್ಟರಮಟ್ಟಿಗೆ ಮೈಯ ನೀರು ಉಳಿಯುತ್ತದೆ.

ಸೀಟಿನಿಂದಲೂ ಬೆವರಿನ ಲೆಕ್ಕ ಬದಲಾಗುತ್ತದೆ. ಕಲಬುರಗಿಯಿಂದ ರಾಯಚೂರಿಗೆ ಬಸ್ಸು ದಕ್ಷಿಣಕ್ಕೆ ಓಡುತ್ತದೆ, ಮಧ್ಯಾಹ್ನ ಕಳೆದ ಮೇಲೆ ಬಿಸಿಲು ಬಲಕ್ಕೆ. ಎಡಬದಿ ಹಿಡಿಯಿರಿ. ಬೀದರಿಗೆ ಹೋಗುವಾಗ ಬಲಬದಿ. ಮೇ ಎರಡನೇ ವಾರದ ಹೊತ್ತಿಗೆ ಕಲಬುರಗಿಯಲ್ಲಿ ಸೂರ್ಯ ನಡುಮಧ್ಯಾಹ್ನ ನೆತ್ತಿಯ ಮೇಲೇ ಇರುತ್ತಾನೆ, ಆ ಹೊತ್ತಿನಲ್ಲಿ ಎರಡೂ ಬದಿ ಒಂದೇ, ಬಿಸಿ ಕಾರುವುದು ತಗಡಿನ ಚಾವಣಿ. ಮುಂದೆ ಎಂಜಿನ್ ಇರುವ ಬಸ್ಸಿನಲ್ಲಿ ಡ್ರೈವರ್ ಪಕ್ಕದ ಬಾನೆಟ್ ಹತ್ತಿರ ಕೂರಬೇಡಿ. ನಿಂತೇ ಹೋಗಬೇಕಾದರೆ ಆಗಾಗ ಹಿಮ್ಮಡಿ ಎತ್ತಿ ಇಳಿಸುತ್ತಿರಿ, ಕಾಲಿನಲ್ಲಿ ರಕ್ತ ನಿಂತು ತಲೆ ತಿರುಗುವುದು ತಪ್ಪುತ್ತದೆ.

ಹೃದಯ, ಮೂತ್ರಪಿಂಡದ ತೊಂದರೆಗೆ ನೀರಿಗೆ ಮಿತಿ ಹಾಕಿಸಿಕೊಂಡವರು ಮೇಲಿನ ಅಳತೆ ಹಿಡಿಯಬಾರದು, ಎಳನೀರನ್ನೂ ಡಾಕ್ಟರನ್ನು ಕೇಳಿಯೇ ಕುಡಿಯಬೇಕು. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರು ಪ್ರಯಾಣವೆಂದು ತಾವಾಗಿಯೇ ಬಿಡದೆ, ಹೊತ್ತು ಬದಲಿಸಬಹುದೇ ಎಂದು ಡಾಕ್ಟರನ್ನು ಮೊದಲೇ ಕೇಳಲಿ. ಅವರ ಮಜ್ಜಿಗೆಗೆ ಉಪ್ಪು ಬೇಡ. ಆರು ತಿಂಗಳೊಳಗಿನ ಕೂಸಿಗೆ ಎಷ್ಟೇ ಬಿಸಿಲಿದ್ದರೂ ನೀರು ಬೇಡ, ಎದೆಹಾಲನ್ನೇ ಹೆಚ್ಚು ಸಲ ಕೊಡಬೇಕು. ಮರೆಗೆ ತೆಳು ಹತ್ತಿ ಬಟ್ಟೆ ಇರಲಿ, ದಪ್ಪ ಶಾಲಿನೊಳಗೆ ಕೂಸು ಬೇಯುತ್ತದೆ.

ಪಕ್ಕದವರಿಗೆ ತಲೆಸುತ್ತು, ವಾಕರಿಕೆ, ಮೀನಖಂಡ ಹಿಡಿದುಕೊಳ್ಳುವುದು ಶುರುವಾದರೆ ನೆರಳಿನ ಬದಿಗೆ ಕೂರಿಸಿ, ಓಆರ್‌ಎಸ್ ಗುಟುಕಾಗಿ ಕೊಡಿ. ಮಾತು ತೊದಲಿದರೆ, ತಾವೆಲ್ಲಿದ್ದೇವೆಂಬುದೇ ತಿಳಿಯದಂತಾದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಬಿಸಿಲಾಘಾತ. ಆಗ ಬಾಯಿಗೆ ಏನೂ ಹಾಕಬೇಡಿ, ನೀರು ಶ್ವಾಸಕೋಶಕ್ಕೆ ಇಳಿದೀತು. ಬಸ್ಸು ನಿಲ್ಲಿಸಿ, 108ಕ್ಕೆ ಕರೆ ಮಾಡಿ, ನೆರಳಲ್ಲಿ ಮಲಗಿಸಿ, ಬಸ್ಸಿನಲ್ಲಿರುವ ಎಲ್ಲರ ಬಾಟಲಿಯ ನೀರನ್ನೂ ಮೈಮೇಲೆ ಸುರಿದು ಆಂಬುಲೆನ್ಸ್ ಬರುವವರೆಗೆ ಗಾಳಿ ಬೀಸುತ್ತಲೇ ಇರಿ.