ರಿಫ್ರೆಶ್ ಮಾಡಿದರೂ ಏಳದ ಸೇವ್ ಬಟನ್

ಜುಲೈ 9, 2024, ಮಂಗಳವಾರ
ಬದಿಯಡ್ಕ

ಕುಂಬಳೆ ಕಡೆಯ ಒಂದು ಶಾಲೆಯ ಇಮೇಲ್ ಸರ್ವರ್ ನಾನು ನೋಡಿಕೊಳ್ಳುವುದು. ವರ್ಗವಾಗಿ ಬಂದ ಟೀಚರುಗಳಿಗೆ ಹೊಸ ವಿಳಾಸ ಮಾಡುವ ಕೆಲಸ ಅಲ್ಲಿನ ಕ್ಲರ್ಕ್ ಅಕ್ಕನದು. ಬ್ರೌಸರಿನಲ್ಲಿ ತೆರೆಯುವ ಒಂದು ಟೂಲ್ ಉಂಟು, ಅದರ ಫಾರ್ಮ್ ತುಂಬಿಸಿ ಸೇವ್ ಒತ್ತಬೇಕು. ಬೆಳಗ್ಗೆಯೇ ಫೋನು. "ಸೇವ್ ಬಟನ್ ಒತ್ತಲಿಕ್ಕೇ ಆಗುವುದಿಲ್ಲ ಮಾರಾಯ್ರೆ. ರಿಫ್ರೆಶ್ ಮಾಡಿದೆ. ಬರೆದದ್ದೆಲ್ಲ ಹಾಗೇ ಉಂಟು, ಬಟನ್ ಮಾತ್ರ ಬೂದಿ ಬಣ್ಣ!"

ನನ್ನ ಕ್ರೋಮ್‌ನಲ್ಲಿ ಎಲ್ಲ ಸರಿ ಇತ್ತು. ಕ್ಯಾಶೆ (ಬ್ರೌಸರ್ ಕೂಡಿಟ್ಟುಕೊಂಡ ಹಳೇ ಫೈಲುಗಳು) ಖಾಲಿ ಮಾಡಿ ಅಂದೆ, ಎಲ್ಲರೂ ಹೇಳುವ ಹಾಗೆ. ಉಪಯೋಗವಾಗಲಿಲ್ಲ.

ಆಮೇಲೆ ವೆಬ್ ಸರ್ವರ್‌ನ ಲಾಗ್ ತೆಗೆದೆ. ಅಕ್ಕನ ಕಡೆಯಿಂದ ಒಂದೇ ಒಂದು ಪೋಸ್ಟ್ (ಫಾರ್ಮ್ ಕಳಿಸಿದ್ದು), ಅದರ ನಂತರ ಬರೀ ಗೆಟ್‌ಗಳು (ಪುಟ ತೆರೆದದ್ದು). ಅಂದರೆ ಮೊದಲ ಸಲ ಬಟನ್ ಕೆಲಸ ಮಾಡಿತ್ತು. ಪಾಸ್‌ವರ್ಡ್ ತೀರಾ ಚಿಕ್ಕದು ಅಂತ ಸರ್ವರ್ ತಿರುಗಿಸಿ ಕಳಿಸಿತ್ತು. ಸತ್ತದ್ದು ಅದರ ನಂತರ.

"ಯಾವ ಬ್ರೌಸರ್ ಅಕ್ಕಾ?" "ನರಿಯ ಚಿತ್ರದ್ದು."

ಹೌದಲ್ವಾ! ಕೇರಳದ ಶಾಲೆಗಳಲ್ಲಿ ಐಟಿ ಅಟ್ ಸ್ಕೂಲ್ ಅನ್ನುವ ಸರಕಾರಿ ಯೋಜನೆಯ ಕಾಲದಿಂದಲೂ ಲಿನಕ್ಸ್ ಉಂಟು. 2017ರಲ್ಲಿ ಅದು ಕೈಟ್ ಆದ ಮೇಲೂ ಹಾಗೇ. ಉಬುಂಟು ಅನ್ನುವ ಲಿನಕ್ಸ್ ಇದ್ದಲ್ಲಿ ಫೈರ್‌ಫಾಕ್ಸ್ ಇದ್ದೇ ಇರುತ್ತದೆ. ಈ ಟೂಲನ್ನು ಪಿಎಚ್‌ಪಿಯಲ್ಲಿ ಬರೆದವರು ಅದರಲ್ಲಿ ತೆರೆದೇ ನೋಡಿರಲಿಕ್ಕಿಲ್ಲ.

ಫೈರ್‌ಫಾಕ್ಸ್‌ನಲ್ಲಿ ತೀರಾ ಚಿಕ್ಕ ಪಾಸ್‌ವರ್ಡ್ ಕೊಟ್ಟು ಸೇವ್ ಒತ್ತಿ, ಆಮೇಲೆ ರಿಫ್ರೆಶ್‌ನ ಎಫ್5 ಒತ್ತಿದೆ. ಹೆಸರು, ಕೋಟಾ (ಮೇಲ್ ಇಡುವ ಜಾಗದ ಮಿತಿ) ಎಲ್ಲ ಹಾಗೇ ಉಳಿಯಿತು, ಪಾಸ್‌ವರ್ಡ್ ಮಾತ್ರ ಖಾಲಿ. ಬಟನ್ ಏಳಲೇ ಇಲ್ಲ. ಪುಟವನ್ನು ಪೂರ್ತಿ ಹೊಸದಾಗಿ ತರುವ ಕಂಟ್ರೋಲ್ ಶಿಫ್ಟ್ ಆರ್ ಒತ್ತಿದರೆ ಎದ್ದಿತು. ಹೊಸ ಟ್ಯಾಬ್‌ನಲ್ಲೂ ಸರಿ.

ವಿಷಯ ಇಷ್ಟು. ಯಾರೂ ಎರಡು ಸಲ ಕ್ಲಿಕ್ ಮಾಡಬಾರದು ಅಂತ ಪುಟದ ಸ್ಕ್ರಿಪ್ಟು ಮೊದಲ ಕ್ಲಿಕ್ ಆದ ಕೂಡಲೇ ಬಟನ್ನನ್ನು ಡಿಸೇಬಲ್ ಮಾಡುತ್ತದೆ, ಅಂದರೆ ಒತ್ತಲಿಕ್ಕೆ ಆಗದ ಹಾಗೆ. ಸರ್ವರ್ ಬೇಡ ಅಂದಾಗ ಮತ್ತೆ ಎಬ್ಬಿಸುವ ಸಾಲೇ ಅದರಲ್ಲಿಲ್ಲ. ಕ್ರೋಮ್‌ನಲ್ಲಿ ರಿಫ್ರೆಶ್ ಮಾಡಿದರೆ ಬಟನ್ ಹೊಸದಾಗಿ ಬರುತ್ತದೆ, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ಫೈರ್‌ಫಾಕ್ಸ್ ಮಾತ್ರ ಸಾಧಾರಣ ರಿಫ್ರೆಶ್‌ನಲ್ಲಿ ಫಾರ್ಮ್‌ನ ಸ್ಥಿತಿಯನ್ನು ಉಳಿಸಿಕೊಳ್ಳುತ್ತದೆ. ತುಂಬಿಸಿದ ಅಕ್ಷರ ಮಾತ್ರ ಅಲ್ಲ, ಬಟನ್ ಡಿಸೇಬಲ್ ಆದದ್ದನ್ನೂ. ಆ ನೆನಪು ಕ್ಯಾಶೆಯಲ್ಲಿ ಇರುವುದಲ್ಲ. ಹಾಗಾಗಿ ಕ್ಯಾಶೆ ತೊಳೆದರೂ ಹೋಗುವುದಿಲ್ಲ. ವೆಬ್ ಪುಟ ಮಾಡುವವರ ಕೈಪಿಡಿಯಂತಿರುವ ಎಂಡಿಎನ್ ಸೈಟಿನಲ್ಲಿ ಬಟನ್ ಬಗ್ಗೆ ಇರುವ ಪುಟದಲ್ಲೇ ಇದನ್ನು ಬರೆದಿದ್ದಾರೆ, ಪರಿಹಾರದ ಸಮೇತ: ಬಟನ್‌ಗೆ ಆಟೋಕಂಪ್ಲೀಟ್ ಆಫ್ ಅಂತ ಕೊಡಬೇಕು.

ನನಗೇನೂ ಬ್ರೌಸರ್ ಮೇಲೆ ಸಿಟ್ಟಿಲ್ಲ. ಈ ಮಳೆಯಲ್ಲಿ ನೆಟ್ ಹೋಗಿ ಬರುವಾಗ ತುಂಬಿಸಿದ ಫಾರ್ಮು ಉಳಿದರೆ ಒಳ್ಳೆಯದೇ. ಸಿಟ್ಟು ಬಂದದ್ದು ಟೂಲಿನ ಮೇಲೆ. ಡೇಟಾಬೇಸ್‌ನಲ್ಲಿ ಇಮೇಲ್ ವಿಳಾಸವೇ ಪ್ರೈಮರಿ ಕೀ, ಅಂದರೆ ಒಂದೇ ವಿಳಾಸ ಎರಡು ಸಲ ಇರುವ ಹಾಗಿಲ್ಲ. ಎರಡು ಸಲ ಕ್ಲಿಕ್ ಮಾಡಿದರೂ ಎರಡನೆಯದು ಒಳಗೆ ಹೋಗುವುದೇ ಇಲ್ಲ. ಮತ್ತೆ ಈ ಕಾವಲು ಯಾಕೆ? ಸುಮ್ನೆ.

ಆದರೂ ತೆಗೆದುಹಾಕಲಿಲ್ಲ. ಆಟೋಕಂಪ್ಲೀಟ್ ಆಫ್ ಹಾಕಿದೆ, ತಪ್ಪು ಬಂದಾಗ ಬಟನ್ ಎಬ್ಬಿಸುವ ಸಾಲೂ ಸೇರಿಸಿದೆ. ಪಾಸ್‌ವರ್ಡ್ ಎಷ್ಟು ಉದ್ದ ಬೇಕು ಅನ್ನುವುದನ್ನು ಬಾಕ್ಸಿನ ಕೆಳಗೇ ಬರೆದೆ. ಅಕ್ಕನಿಗೆ ಜಾಸ್ತಿ ಖುಷಿಯಾದದ್ದು ಇದಕ್ಕೇ.

ಅಲಿಯಾಸ್ (ಅದೇ ಮೇಲ್‌ಬಾಕ್ಸಿಗೆ ಇನ್ನೊಂದು ವಿಳಾಸ) ಸೇರಿಸುವ ಪುಟದಲ್ಲೂ ಇದೇ ಸ್ಕ್ರಿಪ್ಟ್ ಉಂಟು. ಅದು ನಾಳೆಗೆ, ಕರೆಂಟ್ ಇದ್ದರೆ.